ಹತ್ತು ಸಾಲು ಹೊಡೆದು ಹಾಕಿದ ಬಿನ್ನವತ್ತಳೆ

ಕಪಾಟಿನ ಡಬ್ಬಿಗಳನ್ನೆಲ್ಲ ಇಳಿಸಿ, ಹಲಗೆಗೆ ಹಾಸಿದ ಹಳೆಯ ಪೇಪರು ತೆಗೆದು ಹೊಸ ಪೇಪರು ಹಾಸುವುದು ನನಗೆ ಬಹಳ ಇಷ್ಟದ ಕೆಲಸ. ಬೇರೆಯವರಿಗೆ ಅರ್ಧ ಗಂಟೆ ಸಾಕು, ನನಗೆ ಅರ್ಧ ದಿನ ಬೇಕು. ಯಾಕೆಂದರೆ ನಾನು ತೆಗೆದ ಪೇಪರನ್ನೂ ಓದುತ್ತೇನೆ, ಹಾಸುವ ಪೇಪರನ್ನೂ ಓದುತ್ತೇನೆ. ಜೀರಿಗೆಯ ವಾಸನೆ ಹಿಡಿದ ಸುದ್ದಿಗೆ ಬೇರೆಯೇ ರುಚಿ ಉಂಟು. ಅದರ ಬಿಸಿಯೆಲ್ಲ ಆರಿರುತ್ತದೆ, ಯಾರನ್ನೂ ಹೆದರಿಸುವುದಿಲ್ಲ.

ಹೋದ ವಾರ ಉದ್ದಿನಬೇಳೆಯ ಡಬ್ಬಿ ಎತ್ತಿದಾಗ ಅದರ ಅಡಿಯಿಂದ ಒಬ್ಬ ಸಿನಿಮಾ ನಟ ನನ್ನನ್ನು ನೋಡಿ ನಗುತ್ತಿದ್ದ. ಮುಖದ ಸುತ್ತ ಡಬ್ಬಿಯ ತುಕ್ಕಿನ ದುಂಡು ಗುರುತು, ಚಂದ್ರನ ಸುತ್ತ ಬಳೆ ಕಟ್ಟಿದ ಹಾಗೆ. ಎಷ್ಟೋ ವರ್ಷ ಹಿಂದಿನ ಜನವರಿ ತಿಂಗಳ ಪೇಪರು. ಆ ವರ್ಷ ದಿಲ್ಲಿಯಿಂದ ಬಿರುದು ಬಂದವರ ಪಟ್ಟಿ ಅದರಲ್ಲಿತ್ತು. ನಾನು ಸ್ಟೂಲಿನ ಮೇಲೆಯೇ ಕುಳಿತು ಓದುತ್ತಿದ್ದೆ. ಹಿಂದಿನಿಂದ ನಮ್ಮ ಯಜಮಾನರು ಕಣ್ಣು ಹಾಯಿಸಿ, "ಇವನಿಗೂ ಕೊಟ್ಟಿದ್ದರಾ! ಕುಣಿದದ್ದು ಬಿಟ್ಟರೆ ದೇಶಕ್ಕೆ ಎಂತ ಮಾಡಿದ್ದಾನೆ ಇವ?" ಎಂದು ಹೇಳಿ, ಚಹಾ ಆಗಲಿಕ್ಕೆ ಎಷ್ಟು ಹೊತ್ತುಂಟು ಎಂದು ವಿಚಾರಿಸಿ ಹೋದರು.

ಚಹಾ ಬಹಳ ತಡವಾಯಿತು. ಏಕೆಂದರೆ ಅದೇ ಮಾತನ್ನು ಹೆಚ್ಚುಕಡಿಮೆ ಅದೇ ಸ್ವರದಲ್ಲಿ ನಾನು ಹತ್ತು ವರ್ಷದವಳಿದ್ದಾಗ ಮೂಡುಬಿದಿರೆಯ ನಮ್ಮ ಮನೆಯ ಜಗಲಿಯಲ್ಲಿ ಕೇಳಿದ್ದೆ. ಹೇಳಿದವರು ನನ್ನ ಅಪ್ಪ, ಜಿನರಾಜ ಮಾಸ್ತರು. ಸ್ಟೂಲಿನಿಂದ ಇಳಿಯುವಷ್ಟರಲ್ಲಿ ನಾನು ಆ ಜಗಲಿಗೆ ಹೋಗಿ ಕುಳಿತಾಗಿತ್ತು.

ಅಪ್ಪ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಆದರೆ ಊರಿಗೆ ಅವರು ಬೇಕಾಗುತ್ತಿದ್ದದ್ದು ಬಿನ್ನವತ್ತಳೆ ಬರೆಯಲಿಕ್ಕೆ. ಈಗಿನವರಿಗೆ ಅದು ಎಂತ ಎಂದು ಗೊತ್ತಿರುವುದಿಲ್ಲ. ಯಾರಿಗಾದರೂ ಸನ್ಮಾನ ಮಾಡುವಾಗ ಅವರ ಗುಣಗಾನವನ್ನು ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿ, ವೇದಿಕೆಯಲ್ಲಿ ಗಟ್ಟಿಯಾಗಿ ಓದಿ, ಗಾಜಿನ ಕಟ್ಟು ಹಾಕಿಸಿ ಕೈಗೆ ಕೊಡುವುದು. ಆಗ ಈಗಿನ ಹಾಗೆ ಶಾಲಿನ ಮೇಲೆ ಶಾಲು ಹೊದಿಸುವ ಕಾಲ ಅಲ್ಲ. ಒಂದು ಹಾರ, ಒಂದು ಹಣ್ಣಿನ ತಟ್ಟೆ, ಒಂದು ಬಿನ್ನವತ್ತಳೆ, ಅಷ್ಟೇ. ವರ್ಗವಾಗಿ ಹೋಗುವ ಪೋಸ್ಟ್ ಮಾಸ್ತರರಿಗೆ, ನಿವೃತ್ತರಾದ ಕಂಪೌಂಡರಿಗೆ, ಬಸದಿಯ ಛಾವಣಿಗೆ ತಾಮ್ರ ಹೊದೆಸಿದ ಕೆಲಸದವನಿಗೆ ಕೂಡ ಅದು ಸಿಗುತ್ತಿತ್ತು. ಮನೆಯ ಗೋಡೆಗೆ ಹಾಕಿದ ಆ ಸಾಲುಗಳ ಕೆಳಗೆ ತೊಟ್ಟಿಲು ತೂಗುತ್ತಿತ್ತು, ಗಾಜಿನ ಸಂದಿಗೆ ಬಾಚಣಿಗೆ ಸಿಕ್ಕಿಸುತ್ತಿದ್ದರು. ಗೌರವ ಎಂದರೆ ಆಗ ಮನೆಯೊಳಗೆ ಬದುಕುವ ವಸ್ತು.

ಅಪ್ಪನಿಗೆ ಒಂದು ನಿಯಮವಿತ್ತು. ನಿಜವೆಂದು ಗೊತ್ತಿಲ್ಲದ ಒಂದು ಸಾಲನ್ನೂ ಬರೆಯುವುದಿಲ್ಲ. ಅದಕ್ಕೆಂದೇ ಒಂದು ಉದ್ದದ ನೋಟು ಪುಸ್ತಕ. ಎಡಗಡೆ ಹೊಗಳಿಕೆಯ ಸಾಲು, ಬಲಗಡೆ ಅದನ್ನು ಕಣ್ಣಾರೆ ಕಂಡ ಒಬ್ಬ ಸಾಕ್ಷಿಯ ಸಹಿ. ಸಹಿ ಬಿದ್ದ ಮೇಲೆ ಅಪ್ಪ ತಾವೇ ಹೋಗಿ ವಿಚಾರಿಸಿ ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕುತ್ತಿದ್ದರು. ಗುರುತು ಬೀಳದ ಸಾಲು ಪ್ರೆಸ್ಸಿಗೆ ಹೋಗುವುದಿಲ್ಲ.

ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಓಡಿಸುತ್ತಿದ್ದ ಒಬ್ಬ ಡ್ರೈವರಿಗೆ ಬೆಳ್ತಂಗಡಿಯವರು ಸನ್ಮಾನ ಇಟ್ಟುಕೊಂಡಿದ್ದರು. 'ಒಂದು ದಿನವೂ ತಡಮಾಡದ ಕರ್ತವ್ಯನಿಷ್ಠರೇ' ಎಂದು ಬರೆಯಬೇಕೆಂದು ಅವರ ಆಸೆ. ಅಪ್ಪ ಬೇಸಗೆ ರಜೆಯಲ್ಲಿ ಬೆಳ್ತಂಗಡಿಗೆ ಹೋಗಿ ಆರು ದಿನ ಬಸ್ಸು ನಿಲ್ಲುವ ಕಟ್ಟೆಯಲ್ಲಿ ಗಡಿಯಾರ ಹಿಡಿದು ಕುಳಿತರು. ಬಸ್ಸು ಆರೂ ದಿನ ತಡ. ಆದರೆ ತಡ ಯಾಕೆ ಎಂದೂ ವಿಚಾರಿಸಿದರು. ಬಿನ್ನವತ್ತಳೆಯಲ್ಲಿ ಬಂದ ಸಾಲು ಹೀಗಿತ್ತು: 'ದಿನವೂ ತಡಮಾಡುವವರೇ, ಆದರೆ ಕೈ ಎತ್ತಿದ ಯಾರನ್ನೂ ಘಾಟಿಯಲ್ಲಿ ಬಿಟ್ಟು ಬಾರದವರೇ.' ಅದನ್ನು ಓದಿದಾಗ ಡ್ರೈವರು ವೇದಿಕೆಯಲ್ಲೇ ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡರಂತೆ.

ನಾನೂ ಒಮ್ಮೆ ಬಿನ್ನವತ್ತಳೆ ಬರೆದಿದ್ದೆ, ನಮ್ಮ ಬೆಕ್ಕಿಗೆ. 'ಮೂಷಿಕ ಸಂಹಾರಕಿಯೇ' ಎಂದು ಶುರು ಮಾಡಿ, ಅಂಚಿಗೆ ಬಳ್ಳಿಯ ಚಿತ್ರ ಬಿಡಿಸಿ, ಅಪ್ಪನಿಗೆ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಓದಿ, "ಇದು ಇಲಿ ಹಿಡಿದದ್ದನ್ನು ನೀನು ನೋಡಿದ್ದೀಯಾ?" ಎಂದು ಕೇಳಿದರು. ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ನಾನು ಅಳುತ್ತಾ ಆ ಸಾಲು ಹೊಡೆದು ಹಾಕಿ, 'ಒಲೆಯ ಬಳಿ ಚೆನ್ನಾಗಿ ನಿದ್ರೆ ಮಾಡುವವಳೇ' ಎಂದು ತಿದ್ದಬೇಕಾಯಿತು. ಅದಕ್ಕೆ ಸಾಕ್ಷಿಯಾಗಿ ಸಹಿ ಮಾಡಿದವಳು ಅತ್ತೆ.

ಅತ್ತೆಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮರುದೇವಿ ಅತ್ತೆ ಅಪ್ಪನ ಅಕ್ಕ, ನಾಲ್ಕು ವರ್ಷ ದೊಡ್ಡವಳು. ಅಳದಂಗಡಿಯ ಕಡೆಗೆ ಕೊಟ್ಟಿದ್ದರು. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕಿನೊಂದಿಗೆ ಹಿಂದೆ ಬಂದಳು. ಬಿಳಿ ಸೀರೆ, ಬಳೆಯಿಲ್ಲದ ಕೈ, ಊರಿಗೇ ಸಾಲುವಷ್ಟು ಹರಿತ ನಾಲಗೆ. ಅವಳ ಮಾತಿಗೆ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು, ಅವಳು ಮಾತ್ರ ನಗುತ್ತಿರಲಿಲ್ಲ. ಸಿಟ್ಟಿನಿಂದ ಅಲ್ಲ. ನಗು ಎಂಬುದು ಟ್ರಂಕಿನ ತಳದಲ್ಲಿ ಎಲ್ಲೋ ಉಳಿದುಹೋಗಿ, ತೆಗೆಯಲು ಪುರುಸೊತ್ತಾಗದ ಹಾಗೆ. ನನಗೆ ಅವಳು ಕೊಟ್ಟ ಬಿರುದು 'ಮಜ್ಜಿಗೆ ಚೆಲ್ಲುವ ಪ್ರವೀಣೆ'. ಆ ಸಾಲಿಗೆ ಸಾಕ್ಷಿಗಳ ಕೊರತೆ ಇರಲಿಲ್ಲ. ಈಗಲೂ ಇಲ್ಲ.

ಆ ವರ್ಷ ಅಮ್ಮ ತಮ್ಮನ ಹೆರಿಗೆಗೆಂದು ಬಂಟ್ವಾಳದ ತವರಿಗೆ ಹೋಗಿದ್ದಳು. ಮನೆಯಲ್ಲಿ ನಾವು ಮೂವರೇ. ಒಂದು ಸಂಜೆ ಪೇಟೆಯಲ್ಲಿ ಕೊಡೆ ಅಂಗಡಿ ಇಟ್ಟಿದ್ದ ಇದಿನಬ್ಬ ಬ್ಯಾರಿಯವರು ಬಂದರು. ಅವರು ಒಂದು ಕೈಯಲ್ಲಿ ಕೊಡೆಬಟ್ಟೆ ಅಳೆಯುವ ಮೀಟರು ಕಡ್ಡಿ ಹಿಡಿದುಕೊಂಡೇ ಊರೆಲ್ಲ ತಿರುಗುವ ಮನುಷ್ಯ, ಸಿನಿಮಾ ಎಂದರೆ ಪ್ರಾಣ. ಜಗಲಿ ಹತ್ತುವ ಮೊದಲೇ ಸುದ್ದಿ ಶುರುವಾಗಿತ್ತು.

"ಮಾಸ್ಟ್ರೇ, ಬರ್ತಾರೆ! ಅವರೇ! ಚಾರ್ಮಾಡಿ ಇಳಿದು, ಬೆಳ್ತಂಗಡಿಯಾಗಿ, ಸಾವಿರ ಕಂಬದ ಬಸದಿ ನೋಡ್ಲಿಕ್ಕೆ ಬರ್ತಾರೆ. ಭಾನುವಾರದ ಆಚಿನ ಭಾನುವಾರ. ಈ ವರ್ಷ ದಿಲ್ಲಿಯ ಬಿರುದು ಆಗಿದೆಯಲ್ಲ ಅವರಿಗೆ, ನಾವು ಸುಮ್ಮನೆ ಬಿಡ್ಲಿಕ್ಕುಂಟಾ? ಸನ್ಮಾನ ಸಮಿತಿ ಆಯ್ತು. ನಾನು ಕಾರ್ಯದರ್ಶಿ. ಬಿನ್ನವತ್ತಳೆ ನಿಮ್ಮದು."

ಅವರು ಯಾರೆಂದು ನಾನಿಲ್ಲಿ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಇವರ ಪಕ್ಷ, ಇನ್ನರ್ಧ ಇನ್ನೊಬ್ಬರ ಪಕ್ಷ ಕಟ್ಟಿ ಈ ಬರಹವನ್ನು ಅಲ್ಲಿಗೇ ಬಿಡುತ್ತೀರಿ. ಆಗಿನ ಕಾಲದ ದೊಡ್ಡ ನಟ ಎಂದಿಟ್ಟುಕೊಳ್ಳಿ.

ಅಪ್ಪ ಆಗ ಆ ಮಾತು ಹೇಳಿದ್ದು. "ಬಣ್ಣ ಹಚ್ಚಿ ಕುಣಿದವನಿಗೆ ದಿಲ್ಲಿಯ ಬಿರುದು ಯಾಕೆ ಇದಿನಬ್ಬರೇ? ದೇಶಕ್ಕೆ ಎಂತ ಮಾಡಿದ್ದಾನೆ? ರಾತ್ರಿ ಮಳೆಯಲ್ಲಿ ಲಾಟೀನು ಹಿಡಿದು ಬರುವ ಸೂಲಗಿತ್ತಿಗೆ ಕೊಡಲಿ. ಕಾಲರಾ ಬಂದಾಗ ಓಡಿಹೋಗದ ಕಂಪೌಂಡರಿಗೆ ಕೊಡಲಿ."

ಒಳಗಿನಿಂದ ಅತ್ತೆಯ ಸ್ವರ ಬಂತು. "ಅವರಿಗೆ ಕೊಟ್ಟರೆ ನಿನಗೆ ಬರೆಯುವುದು ಸುಲಭ, ಅದಕ್ಕೆ ಹಾಗೆ ಹೇಳ್ತೀಯ ಜಿನ್ನು."

"ಬರೆಯುವುದಿಲ್ಲ ಅಂತ ಮಾತ್ರ ಹೇಳ್ಬೇಡಿ ಮಾಸ್ಟ್ರೇ," ಇದಿನಬ್ಬರು ಮೀಟರು ಕಡ್ಡಿಯನ್ನು ಮಡಿಲಲ್ಲಿಟ್ಟು ಕೈ ಜೋಡಿಸಿದರು. "ಬೇರೆಯವರು ಬರೆದರೆ ಊರಿನವರು ನಂಬ್ಲಿಕ್ಕಿಲ್ಲ. ನೀವು ಬರೆದರೆ ಮಾತ್ರ ಅದು ಸನ್ಮಾನ."

ಆ ಮಾತಿಗೆ ಅಪ್ಪ ಸೋತರು. "ನಿಜ ಇರುವಷ್ಟು ಬರೆಯುತ್ತೇನೆ" ಎಂದು ಮಾತು ಕೊಟ್ಟರು. ಕೊಟ್ಟ ಮೇಲೆಯೇ ಅವರಿಗೆ ಗೊತ್ತಾದದ್ದು ಎಂತಹ ಬಾವಿಗೆ ಇಳಿದಿದ್ದೇನೆ ಎಂದು.

ಮರುದಿನ ನೋಟು ಪುಸ್ತಕ ಬಿಚ್ಚಿ, ಇದಿನಬ್ಬರನ್ನು ಎದುರಿಗೆ ಕೂರಿಸಿಕೊಂಡರು. ಸಾಕ್ಷಿ ಹೇಳಲು ಅವರಷ್ಟು ಸಿನಿಮಾ ನೋಡಿದವರು ಊರಲ್ಲಿ ಬೇರೆ ಇರಲಿಲ್ಲ.

"ಒಂದೇ ಏಟಿಗೆ ಹತ್ತು ಜನರನ್ನು ಹೊಡೆದದ್ದು ನಾನು ಕಣ್ಣಾರೆ ನೋಡಿದ್ದೇನೆ. ಬರೀರಿ."

ಅಪ್ಪ ಬರೆದುಕೊಂಡು ತಲೆ ಎತ್ತಿದರು. "ನಿಜವಾಗಿ ಹೊಡೆದದ್ದಾ?"

"ನಿಜವಾಗಿ ಹೊಡೆದರೆ ಪೊಲೀಸು ಕೇಸಾಗ್ತದಲ್ಲ ಮಾಸ್ಟ್ರೇ. ಅದು ಆಟ."

ಅಪ್ಪ ಆ ಸಾಲು ಹೊಡೆದು ಹಾಕಿದರು.

"ಹೊಳೆಗೆ ಬಿದ್ದ ಮಗುವನ್ನು ಹಾರಿ ತೆಗೆದರು."

"ಮಗು ನಿಜವಾಗಿ ಬಿದ್ದಿತ್ತಾ?"

"ಅದು... ಗೊಂಬೆ ಇರ್ಬೇಕು."

ಹೊಡೆದು ಹಾಕಿದರು. ಕುರುಡಿ ತಾಯಿಯ ಕಾಲಿಗೆ ಬಿದ್ದು ಅತ್ತದ್ದು: ತಾಯಿಯೂ ಅಲ್ಲ, ಕುರುಡಿಯೂ ಅಲ್ಲ. ಆಸ್ತಿಯನ್ನು ಬಡವರಿಗೆ ಹಂಚಿದ್ದು: ನೋಟಲ್ಲ, ಬರೀ ಬಣ್ಣದ ಕಾಗದ. ಕಂಚಿನ ಕಂಠದಲ್ಲಿ ಹಾಡಿದ್ದು: ಹಾಡಿದವರು ಬೇರೆ. ಕುದುರೆ ಓಡಿಸಿದ್ದು: ಅದೂ ಬೇರೆಯವರು ಎಂದು ಕೇಳಿದ್ದೇನೆ ಎಂದು ಇದಿನಬ್ಬರೇ ಮೆಲ್ಲಗೆ ಒಪ್ಪಿಕೊಂಡರು. ಹತ್ತು ಸಾಲು ಬರೆದು ಹತ್ತೂ ಹೊಡೆದ ಮೇಲೆ ಪುಟವೆಲ್ಲ ಬೇಲಿ ಹಾಕಿದ ಹಾಗೆ ಕಾಣುತ್ತಿತ್ತು. ಇದಿನಬ್ಬರಿಗೆ ಅಳು ಬರುವುದು ಬಾಕಿ. "ಇಷ್ಟು ವರ್ಷ ನಾನು ನೋಡಿದ್ದು ಎಂತ ಹಾಗಾದ್ರೆ?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡು ಮೆಟ್ಟಿಲು ಇಳಿದರು. ಮೀಟರು ಕಡ್ಡಿ ನಮ್ಮಲ್ಲೇ ಉಳಿಯಿತು.

ಎರಡು ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಸುಳ್ಳು ಬರೆದರೆ ಹದಿನೆಂಟು ವರ್ಷದ ನಿಯಮ ಹೋಗುತ್ತದೆ, ಬರೆಯದಿದ್ದರೆ ಕೊಟ್ಟ ಮಾತು ಹೋಗುತ್ತದೆ. ಮೂರನೆಯ ದಿನ ಅತ್ತೆ ತೆಂಗಿನಕಾಯಿ ಹೆರೆಯುತ್ತಾ ಹೇಳಿದಳು, "ಕಂಡದ್ದು ಮಾತ್ರ ಬರೆಯುವವ ನೀನು. ಕಂಡೇ ಇಲ್ಲವಲ್ಲ. ಗದ್ದೆಯ ಡೇರೆಯಲ್ಲಿ ಅವನ ಸಿನಿಮಾ ನಡೀತಾ ಉಂಟಲ್ಲ, ಹೋಗಿ ನೋಡು."

"ಡೇರೆಯಲ್ಲಿ ಕೂತು ಸಿನಿಮಾ ನೋಡುವುದಾ? ಮಾಸ್ತರ ಆಗಿ?"

"ಬೆಳ್ತಂಗಡಿಯ ಕಟ್ಟೆಯಲ್ಲಿ ಬಸ್ಸು ನೋಡ್ತಾ ಆರು ದಿನ ಕೂತಾಗ ಮಾಸ್ತರ ಆಗಿರಲಿಲ್ಲವಾ?"

"ಹಾಗಾದರೆ ನೀನೂ ಬಾ" ಎಂದರು ಅಪ್ಪ. ಒಬ್ಬರೇ ಹೋಗಲು ನಾಚಿಕೆಯಿಂದ ಹೇಳಿದ ಮಾತು ಅದು. ಅತ್ತೆ ಗಂಡನ ಮನೆಯಿಂದ ಬಂದ ಮೇಲೆ ಬಸದಿಗೆ ಬಿಟ್ಟರೆ ಎಲ್ಲಿಗೂ ಹೋದವಳಲ್ಲ. ಅವಳು ಕಾಯಿ ಹೆರೆಯುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತು ಹೆರೆಮಣೆಯನ್ನೇ ನೋಡಿದಳು. "ಮಗುವನ್ನು ನೋಡಿಕೊಳ್ಳಲಿಕ್ಕೆ ಒಬ್ಬರು ಬೇಕಲ್ಲ" ಎಂದಳು. ಮಗು ಎಂದರೆ ನಾನು. ನನ್ನನ್ನು ನೋಡಿಕೊಳ್ಳುವ ಅಗತ್ಯ ಅಷ್ಟೊಂದು ಇರಲಿಲ್ಲ ಎಂದು ಈಗ ತಿಳಿಯುತ್ತದೆ.

ಬುಧವಾರ ಹೊರಟೆವು. ನಾವು ಜೈನರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಮೊದಲ ಆಟ ಕತ್ತಲಾದ ಮೇಲೆ, ಹಾಗಾಗಿ ಅನುಕೂಲವೇ ಆಯಿತು. ಬಾಯಿ ತೊಳೆದು ಗದ್ದೆಯ ಬದುವಿನಲ್ಲಿ ನಡೆದು ಹೋದದ್ದು ನನಗೆ ನಿದ್ದೆಯಲ್ಲಿ ನಡೆದ ಹಾಗೆ ನೆನಪುಂಟು. ಆಕಾಶದಲ್ಲಿ ಇನ್ನೂ ಕುಂಕುಮದ ಬಣ್ಣ ಉಳಿದಿತ್ತು. ದೂರದಲ್ಲಿ ಡೇರೆ ಒಳಗಿನ ದೀಪದಿಂದ ಬೆಳಗುತ್ತಾ, ಯಾರೋ ಗದ್ದೆಯಲ್ಲಿ ದೊಡ್ಡದೊಂದು ಲಾಟೀನು ಇಟ್ಟು ಮರೆತುಹೋದ ಹಾಗೆ ಕಾಣುತ್ತಿತ್ತು. ಹಾಡಿನ ಸ್ವರ ಗಾಳಿ ಬಂದಾಗ ಹತ್ತಿರ ಬರುತ್ತಿತ್ತು, ಗಾಳಿ ನಿಂತಾಗ ಹಿಂದೆ ಹೋಗುತ್ತಿತ್ತು.

ಒಳಗೆ ಕಾಲಿಟ್ಟದ್ದೇ ಒಂದು ಘಟನೆ ಆಯಿತು. ನೆಲದ ಟಿಕೆಟಿನಲ್ಲಿ ಮರಳಿನ ಮೇಲೆ ಕುಳಿತಿದ್ದ ಶಾಲೆಯ ಮಕ್ಕಳೆಲ್ಲ ಅಪ್ಪನನ್ನು ಕಂಡು ದಡಬಡ ಎದ್ದು ನಿಂತು "ನಮಸ್ತೇ ಸಾರ್" ಎಂದು ಕೂಗಿದರು. ಅಪ್ಪನೂ ಅಭ್ಯಾಸ ಬಲದಿಂದ "ಕುಳಿತುಕೊಳ್ಳಿ" ಎಂದರು. ಡೇರೆಗೆ ಡೇರೆಯೇ ಕುಳಿತುಕೊಂಡಿತು. ನಾವು ಹಿಂದೆ ಮಡಚುವ ಕಬ್ಬಿಣದ ಕುರ್ಚಿಗಳಲ್ಲಿ ಕುಳಿತೆವು, ಅಪ್ಪ, ನಡುವೆ ನಾನು, ಆಚೆ ಅತ್ತೆ. ಯಾರೋ ಮರ್ಯಾದೆಗೆ ನೆಲಗಡಲೆಯ ಪೊಟ್ಟಣ ತಂದು ಕೊಟ್ಟರು. ಹೊತ್ತು ಮುಳುಗಿತ್ತಲ್ಲ, ಅತ್ತೆ ಅದನ್ನು ನನ್ನ ಕೈಯಿಂದ ತೆಗೆದು ಸೆರಗಿನ ತುದಿಗೆ ಕಟ್ಟಿದಳು. ಸಿನಿಮಾ ಮುಗಿಯುವವರೆಗೂ ನನ್ನ ಒಂದು ಕಣ್ಣು ಆ ಗಂಟಿನ ಮೇಲೆ.

ಕತೆ ಎಂತ ಎಂದು ಕೇಳಿದರೆ ಹೇಳಲಾರೆ. ಶ್ರೀಮಂತರ ಮಗ ಬಡವನ ವೇಷದಲ್ಲಿ ಒಂದು ಹಳ್ಳಿಗೆ ಬರುತ್ತಾನೆ. ಅಪ್ಪ ಮಡಿಲಲ್ಲಿ ನೋಟು ಪುಸ್ತಕ ಇಟ್ಟುಕೊಂಡು, ಪೆನ್ಸಿಲು ಹಿಡಿದು, ಪ್ರತಿಯೊಂದು ದೃಶ್ಯಕ್ಕೂ "ಸುಳ್ಳು" ಎಂದು ಮೆಲ್ಲಗೆ ಹೇಳುತ್ತಾ ತಲೆ ಆಡಿಸುತ್ತಿದ್ದರು. ಆಮೇಲೆ ಆ ನಟ ಒಂದು ಬಾವಿಕಟ್ಟೆಗೆ ಬಂದ. ನೀರು ಸೇದಿ ಗೊತ್ತಿಲ್ಲದವನು, ಕೊಡಕ್ಕೆ ಹಗ್ಗ ಕಟ್ಟಿ ಇಳಿಸಿದ. ಹಗ್ಗ ಸರಸರ ಇಳಿದು, ಇನ್ನೊಂದು ತುದಿಯೂ ಕೈ ಜಾರಿ, ಕೊಡದ ಜೊತೆ ಬಾವಿಗೆ ಹೋಯಿತು. ಅವನು ಓಡಾಡಲಿಲ್ಲ, ಬೊಬ್ಬೆ ಹೊಡೆಯಲಿಲ್ಲ. ಬಾವಿಯ ಒಳಗೆ ಬಗ್ಗಿ ನೋಡಿ, ಹಗ್ಗವೇ ಮರ್ಯಾದೆಯಿಂದ ಮೇಲೆ ಬಂದೀತು ಎಂಬ ಹಾಗೆ, ಒಂದು ಕೈ ಚಾಚಿಕೊಂಡು ಸುಮ್ಮನೆ ನಿಂತ.

ನನ್ನ ಬಲಗಡೆಯಿಂದ ಒಂದು ಸದ್ದು ಬಂತು. ಮೊದಲಿಗೆ ಕುರ್ಚಿ ಕಿರುಗುಟ್ಟಿತೆಂದು ಎಣಿಸಿದೆ. ತಿರುಗಿ ನೋಡಿದರೆ ಅತ್ತೆ. ಬಾಯಿಗೆ ಅಡ್ಡ ಹಿಡಿದ ಕೈ ಕೆಳಗೆ ಬಿದ್ದಿತ್ತು. ಸೆರಗು ತಲೆಯಿಂದ ಜಾರಿತ್ತು. ಪರದೆಯ ಬೆಳಕು ಮುಖದ ಮೇಲೆ ಬಂದು ಹೋಗುತ್ತಿತ್ತು, ಬೆಳಕು ಬಂದಾಗಲೆಲ್ಲ ಅವಳ ಹಲ್ಲುಗಳು ಕಾಣುತ್ತಿದ್ದವು. ಎಷ್ಟು ಸಣ್ಣ, ಎಷ್ಟು ಸಾಲಾದ ಹಲ್ಲುಗಳು! ನಾನು ಅದುವರೆಗೆ ಅವನ್ನು ಕಂಡೇ ಇರಲಿಲ್ಲ. ಹನ್ನೆರಡು ವರ್ಷದ ಯಾವುದೋ ಹುಡುಗಿ ನಮ್ಮ ಅತ್ತೆಯ ಸೀರೆ ಉಟ್ಟುಕೊಂಡು ಬಂದು ಕುಳಿತ ಹಾಗಿತ್ತು. ನಗು ನಿಲ್ಲುವಷ್ಟರಲ್ಲಿ ಪುನಃ ಬರುತ್ತಿತ್ತು. ಅಪ್ಪ ಪರದೆ ನೋಡುವುದನ್ನು ಬಿಟ್ಟರು. ಉಳಿದ ಸಿನಿಮಾವನ್ನೆಲ್ಲ ಅವರು ನನ್ನ ತಲೆಯ ಮೇಲಿನಿಂದ ಅಕ್ಕನನ್ನು ನೋಡುತ್ತಾ ಕಳೆದರು. ಪೆನ್ಸಿಲು ಮರಳಿಗೆ ಬಿದ್ದದ್ದನ್ನು ನಾನು ಹೆಕ್ಕಿದೆ.

ಹಿಂದೆ ಬರುವಾಗ ಅಪ್ಪ ಬೆಳಕಿಗೆಂದು ತೆಂಗಿನಗರಿಯ ಸೂಟೆ ಹೊತ್ತಿಸಿ ಬೀಸುತ್ತಾ ಮುಂದೆ, ನಾವು ಹಿಂದೆ.

"ಅಕ್ಕಾ," ಎಂದರು ಅಪ್ಪ, ತಿರುಗದೆ. "ತಾಮ್ರದ ಕೊಡ ನೆನಪಾಯಿತಾ?"

"ಹಾಗೇ ನಿಂತಿದ್ದಿ ನೀನು," ಎಂದಳು ಅತ್ತೆ. "ಎಂಟು ವರ್ಷ ನಿನಗೆ. ಹಗ್ಗವನ್ನೂ ಬಾವಿಗೆ ಹಾಕಿ, ಕೈ ಚಾಚಿಕೊಂಡು, 'ಬಾ, ಬಾ' ಅಂತ ಕರೀತಿದ್ದಿ. ಹಾಗೇ. ಕೈ ಕೂಡ ಹಾಗೇ."

"'ಕೊಡ ಹಾಕಿದ್ದು ನಾನೇ' ಅಂತ ತಪ್ಪನ್ನು ನಿನ್ನ ಮೇಲೆ ಹಾಕಿಕೊಂಡು ನೀನು ಅಪ್ಪಯ್ಯನ ಹತ್ತಿರ ಹೇಳಿದ್ದಿ. ಪೆಟ್ಟು ನೀನು ತಿಂದದ್ದು. ನಾನು ಬಾಯಿ ಬಿಡಲಿಲ್ಲ."

"ಅದಕ್ಕೆ ಈಗ ಎಂತ ಮಾಡುವುದು ಮಾರಾಯ, ಸೂಟೆ ಸರಿಯಾಗಿ ಬೀಸು, ಮಗು ಮುಗ್ಗರಿಸ್ತದೆ."

ನನಗೆ ಆಗ ಇದೆಲ್ಲ ದೊಡ್ಡವರ ಮಾತು. ಅಪ್ಪನ ನಿಯಮ, ಆ ಸಹಿ, ಆ ಕೆಂಪು ಶಾಯಿ, ಎಲ್ಲ ಎಲ್ಲಿಂದ ಶುರುವಾಗಿರಬಹುದು ಎಂದು ಹೊಳೆದದ್ದು ನನ್ನ ಮಕ್ಕಳೇ ದೊಡ್ಡವರಾದ ಮೇಲೆ. ಆ ರಾತ್ರಿ ನನಗಿದ್ದ ಚಿಂತೆ ನೆಲಗಡಲೆಯದು. ಬೆಳಿಗ್ಗೆ ಹೊತ್ತು ಮೂಡಿದ ಕೂಡಲೇ ಅತ್ತೆ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಮೆತ್ತಗಾಗಿತ್ತು.

ಅಪ್ಪ ಅದೇ ಬೆಳಿಗ್ಗೆ ಬರೆದರು. ಬರೆದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅತ್ತೆಗೆ ಓದಿ ಹೇಳಿದರು. ಅತ್ತೆ ಒಲೆ ಊದುತ್ತಿದ್ದಳು.

"ಸಾಕ್ಷಿ ಬೇಕಲ್ಲ ಅಕ್ಕ. ಹೆಸರು ಬೇಡ. ಪುಸ್ತಕದಲ್ಲಿ ಸಹಿ ಮಾತ್ರ."

"ಊರಿಗೆ ಊರೇ ಕೇಳ್ತದೆ, ಗಂಡ ಸತ್ತವಳು ಡೇರೆಯಲ್ಲಿ ಹಲ್ಲು ಬಿಟ್ಟಳು ಅಂತ. ಸಹಿ ಗಿಹಿ ಕೇಳಿದರೆ ಬಾವಿಗೆ ಹಾರ್ತೇನೆ. ಹಗ್ಗ ಇಳಿಸಲಿಕ್ಕೆ ನೀನಿದ್ದೀಯಲ್ಲ, ಅದೂ ಒಳಗೇ ಬೀಳ್ತದೆ."

ಅಪ್ಪ ಹಿಂದೆ ಹೋದರು. ಸಾಕ್ಷಿಯಿಲ್ಲದ ಸಾಲು. ಜಗಲಿಯಲ್ಲಿ ಅತ್ತಿಂದಿತ್ತ ನಡೆದರು. ಸ್ವಲ್ಪ ಹೊತ್ತಿಗೆ ಅತ್ತೆಯೇ ಹೊರಗೆ ಬಂದು, ಮಸಿ ಕೈಯನ್ನು ಸೀರೆಗೆ ಒರೆಸುತ್ತಾ, "ಹೆಸರು ಹಾಕದಿದ್ದರೆ ಓದು. ಬೇಡ ಅನ್ನುವುದಿಲ್ಲ" ಎಂದು ಹೇಳಿ ಒಳಗೆ ಹೋದಳು. ಅಪ್ಪ ತಾವು ಹಾಕಿಕೊಂಡ ನಿಯಮವನ್ನು ಅರ್ಧ ಮುರಿದದ್ದು ಆ ಒಂದು ದಿನ.

ಇದಿನಬ್ಬರು ಬಂದು ಕಾಗದ ತಿರುಗಿಸಿ ಮುರುಗಿಸಿ ನೋಡಿದರು. "ಇಷ್ಟೇಯಾ ಮಾಸ್ಟ್ರೇ? ಒಂದು ಬಿರುದೂ ಇಲ್ಲ! ಕಟ್ಟಿನಲ್ಲಿ ಅರ್ಧ ಖಾಲಿ ಉಳೀತದಲ್ಲ!"

"ಖಾಲಿ ಜಾಗಕ್ಕೆ ಪ್ರೆಸ್ಸಿನವರು ಬಳ್ಳಿ ಹಾಕಲಿ."

ಇದಿನಬ್ಬರು ಪುನಃ ಓದಿದರು. ಈ ಸಲ ನಿಧಾನವಾಗಿ. ಆಮೇಲೆ ದನಿ ತಗ್ಗಿಸಿ, "ಇದು ನಮ್ಮ ಮನೆಯ ವಿಷಯ ಅಲ್ಲವಲ್ಲ? ನನ್ನ ತಂಗಿ ಬುಧವಾರ ಡೇರೆಯಲ್ಲಿ ನಮ್ಮ ಹೆಂಗಸರಿಗೆ ಕಟ್ಟಿದ ಪರದೆಯ ಆಚೆ ಕೂತಿದ್ದಳು. ಬಂದವಳು ಮನೆಯಲ್ಲಿ ಉಮ್ಮನಿಗೆ ಆ ಬಾವಿಯದ್ದು ಮಾಡಿ ತೋರಿಸಿದಳು. ಅವಳು ಮಾತಾಡದೆ ಎಷ್ಟು ಕಾಲ ಆಗಿತ್ತು..." ಎಂದು ನಿಲ್ಲಿಸಿದರು. ಇದಿನಬ್ಬರು ಕಾಗದವನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು, ಮೀಟರು ಕಡ್ಡಿ ತೆಗೆದುಕೊಂಡು ಪ್ರೆಸ್ಸಿನ ಕಡೆ ನಡೆದರು.

ಆ ಭಾನುವಾರ ಶಾಲೆಯ ಮೈದಾನದ ಚಪ್ಪರದಲ್ಲಿ ಎರಡು ಗಂಟೆಯಿಂದ ಕಾದೆವು. ನಟರ ಕಾರಿಗೆ ಬೆಳ್ತಂಗಡಿಯಲ್ಲಿ ಹಾರ, ಗುರುವಾಯನಕೆರೆಯಲ್ಲಿ ಹಾರ, ವೇಣೂರಿನಲ್ಲಿ ಎಳನೀರು. ನಮ್ಮಲ್ಲಿಗೆ ಮುಟ್ಟುವಾಗ ಬಿಸಿಲು ಹಳದಿಯಾಗಿತ್ತು. ಪರದೆಯಲ್ಲಿ ಅಷ್ಟು ಎತ್ತರ ಕಂಡವರು ನಮ್ಮ ಕಂಪೌಂಡರಷ್ಟೇ ಇದ್ದರು. ಕಣ್ಣಿನ ಕೆಳಗೆ ಕಪ್ಪು, ಕುತ್ತಿಗೆಯಲ್ಲಿ ಹಾರದ ನಾರು ಗೀರಿದ ಗುರುತು. ಆದರೂ ಎಲ್ಲರಿಗೂ ನಗುತ್ತಿದ್ದರು. ನಗುವುದೂ ಅವರಿಗೆ ಒಂದು ಕೆಲಸವಾಗಿತ್ತು ಎಂದು ಕಾಣುತ್ತದೆ. ಹೆಂಗಸರ ಕಡೆಯಲ್ಲಿ, ಕಂಬಕ್ಕೆ ಒರಗಿ, ಅತ್ತೆ ನನ್ನ ಭುಜ ಹಿಡಿದು ನಿಂತಿದ್ದಳು.

ಅಪ್ಪ ಎದ್ದು ಓದಿದರು. ಪಾಠ ಓದುವ ಸ್ವರ, ಒಂದು ಅಕ್ಷರವೂ ನುಂಗದ ಸ್ವರ.

'ಮಹನೀಯರೇ, ತಾವು ತೆರೆಯ ಮೇಲೆ ಮಾಡಿದ ಯಾವ ಕೆಲಸವೂ ನಿಜವಲ್ಲವೆಂದು ವಿಚಾರಿಸಿ ತಿಳಿದುಕೊಂಡಿದ್ದೇವೆ. ಆದರೆ ನಮ್ಮ ಊರಿನ ಒಬ್ಬ ಹೆಂಗಸು ಇಪ್ಪತ್ತಮೂರು ವರ್ಷಗಳಿಂದ ನಕ್ಕಿರಲಿಲ್ಲ. ಹೋದ ವಾರದ ಬುಧವಾರ ಡೇರೆಯಲ್ಲಿ ತಮ್ಮನ್ನು ನೋಡಿ ನಕ್ಕಳು. ಇದು ನಿಜ. ದಿಲ್ಲಿಯವರು ತಮಗೆ ಯಾವುದಕ್ಕಾಗಿ ಬಿರುದು ಕೊಟ್ಟರೋ ನಾವು ಅರಿಯೆವು. ನಾವು ಕೈಮುಗಿಯುವುದು ಇದಕ್ಕಾಗಿ.'

ಚಪ್ಪಾಳೆ ಬೀಳಲಿಲ್ಲ. ಮುಗಿಯಿತೆಂದೇ ಯಾರಿಗೂ ಗೊತ್ತಾಗಲಿಲ್ಲ. ನಟರ ಮುಖದಲ್ಲಿದ್ದ ನಗು ಮೆಲ್ಲಗೆ ಇಳಿಯಿತು. ಇಳಿದ ಮೇಲೆ ಅವರು ಬೇರೆ ಯಾರೋ ಆದರು, ನಮ್ಮ ಹಾಗಿನವರು.

"ಯಾವ ದೃಶ್ಯ ಮಾಸ್ತರೇ?" ಎಂದು ಕೇಳಿದರು.

"ಬಾವಿಯದು."

ನಟರು ಅಪ್ಪನ ಕಡೆ ತಿರುಗಿದರು. "ಅದು ಅಭಿನಯ ಅಲ್ಲ," ಎಂದರು. "ಹಗ್ಗ ನಿಜವಾಗಿ ಕೈ ಜಾರಿ ಹೋಯಿತು. ಏನು ಮಾಡಬೇಕು ಅಂತ ಗೊತ್ತಾಗದೆ ಹಾಗೆ ನಿಂತುಬಿಟ್ಟೆ. ತೆಗೆದುಹಾಕಿ ಅಂತ ನಾನೇ ಹೇಳಿದ್ದೆ, ಅವರು ಹಾಗೇ ಉಳಿಸಿಕೊಂಡರು."

ಅಪ್ಪ ಆಗ ಮಾಡಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗುಂಟು. ಕಿಸೆಯಿಂದ ಕೆಂಪು ಶಾಯಿಯ ಪೆನ್ನು ತೆಗೆದರು. ಎದುರಿಗೆ ಪುಸ್ತಕ ಇಲ್ಲವೆಂದು ಆಮೇಲೆ ನೆನಪಾಗಿ ಮೆಲ್ಲಗೆ ಒಳಗಿಟ್ಟರು. ನಟರು ಬಿನ್ನವತ್ತಳೆಯ ಕಟ್ಟು ಎದೆಗೆ ಹಿಡಿದುಕೊಂಡು, ಹೆಂಗಸರ ಕಡೆಗೆ ತಿರುಗಿ, ಯಾರೆಂದು ಹುಡುಕದೆ, ಎಲ್ಲರಿಗೂ ಸೇರಿಸಿ ತಲೆ ಬಾಗಿದರು. ನನ್ನ ಭುಜದ ಮೇಲಿದ್ದ ಕೈ ಒಮ್ಮೆ ಬಿಗಿಯಾಯಿತು, ಆಮೇಲೆ ಸಡಿಲವಾಯಿತು.

ಮನೆಗೆ ಬಂದ ಮೇಲೆ ಅಪ್ಪ ಜಗಲಿಯಲ್ಲಿ ಕುಳಿತು, "ಹಾಗಾದರೆ ಸಿನಿಮಾದಲ್ಲಿ ಒಂದು ನಿಜ ಇತ್ತು ಅಕ್ಕ" ಎಂದರು.

"ಹಾಗಾದರೆ ಬಿರುದು ಹಗ್ಗಕ್ಕೆ ಕೊಡಬೇಕಿತ್ತು" ಎಂದಳು ಅತ್ತೆ, ಮುಖ ಒಂದಿಷ್ಟೂ ಬದಲಿಸದೆ, ಕೊಡ ಎತ್ತಿಕೊಂಡು ಬಾವಿಯ ಕಡೆ ಹೋಗುತ್ತಾ.

ಆ ಹೆಂಗಸು ಯಾರೆಂದು ಊರಿನಲ್ಲಿ ಬಹಳ ದಿನ ಚರ್ಚೆಯಾಯಿತು. ಅತ್ತೆಯ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಬೇಕಾಗಿ ಬರಲಿಲ್ಲ, ಏಕೆಂದರೆ ಪ್ರತಿ ಕೇರಿಯಲ್ಲೂ ಒಬ್ಬಿಬ್ಬರು ಅದು ತಾವೇ ಎಂದು ಮನಸ್ಸಿನಲ್ಲಿ ಎಣಿಸಿಕೊಂಡಿದ್ದರು. ಬಸದಿಯಲ್ಲಿ ಹೂ ಕಟ್ಟುವ ಮುದುಕಿ ಒಮ್ಮೆ ನನ್ನನ್ನು ಹತ್ತಿರ ಕರೆದು, "ನಿನ್ನ ಅಪ್ಪನಿಗೆ ನನ್ನ ಸಂಗತಿ ಯಾರು ಹೇಳಿದ್ದು ಮಗಾ?" ಎಂದು ಗುಟ್ಟಾಗಿ ಕೇಳಿದಳು. ಇಪ್ಪತ್ತಮೂರು ವರ್ಷ ಎಂದು ಅಪ್ಪ ಬರೆದದ್ದು ಲೆಕ್ಕದಲ್ಲಿ ಸರಿ. ಆದರೆ ಊರಿನಲ್ಲಿ ಎಷ್ಟು ಜನ ಎಷ್ಟು ಕಾಲದಿಂದ ನಗದೆ ಇದ್ದರು ಎಂಬುದು ಅವರಿಗೂ ಗೊತ್ತಿರಲಿಲ್ಲ.

ಚಹಾ ಕುದಿದು ಅರ್ಧವಾದ ಮೇಲೆ ನಾನು ಅಟ್ಟಕ್ಕೆ ಹೋಗಿ ಅತ್ತೆಯ ಟ್ರಂಕು ತೆಗೆದೆ. ಅಪ್ಪನೂ ಹೋದರು, ಅತ್ತೆಯೂ ಹೋದಳು. ಅಪ್ಪನ ನೋಟು ಪುಸ್ತಕಗಳು ಮಾತ್ರ ಅದರಲ್ಲಿವೆ. ಆ ಪುಟ ಸುಲಭವಾಗಿ ಸಿಕ್ಕಿತು, ಬೇಲಿ ಹಾಕಿದ ಪುಟ. ಹೊಡೆದು ಹಾಕಿದ ಹತ್ತು ಸಾಲು, ಅದರ ಕೆಳಗೆ ಹೊಡೆಯದ ಒಂದು. ಬಲಗಡೆ, ಸಾಕ್ಷಿಯ ಜಾಗ ಖಾಲಿ ಇರುತ್ತದೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಖಾಲಿ ಇರಲಿಲ್ಲ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಂಕುಡೊಂಕು ಅಕ್ಷರ, ಪೆನ್ಸಿಲಿನದು, ಒತ್ತಿ ಒತ್ತಿ ಬರೆದು ಕಾಗದದ ಹಿಂದೆ ಉಬ್ಬಿಕೊಂಡದ್ದು: 'ಮರುದೇವಿ'. ಮೂಲೆಯಲ್ಲಿ ಒಲೆಯ ಮಸಿ ಹತ್ತಿದ ಬೆರಳಿನ ಅಚ್ಚು. ಯಾವಾಗ ಬರೆದಳೋ. ಪಕ್ಕದಲ್ಲಿ, ಬಣ್ಣ ಮಾಸಿ ಇಟ್ಟಿಗೆಯ ಹಾಗಾದ ಕೆಂಪು ಶಾಯಿಯಲ್ಲಿ, ಅಪ್ಪನ ಗುರುತು.